ಜಾಕೆಟ್ ಸೋರ್ತಿಲ್ಲ, ಒಗೆದಿಲ್ಲ ಅಷ್ಟೇ: ಕಂಬಳಿಯಿಂದ ಗೋರ್‌ಟೆಕ್ಸ್‌ವರೆಗೆ

ಈ ಸಲದ ಮಾತು ಮಳೆ ಜಾಕೆಟ್ ಬಗ್ಗೆ. ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ. ಅಲ್ಲಿ ಗಡಿಬಿಡಿಯಲ್ಲಿ ದಾಟಿಸಿದ ಒಂದು ಲೆಕ್ಕವನ್ನ ಇಲ್ಲಿ ನಿಧಾನವಾಗಿ ಬಿಡಿಸಿದ್ದೀನಿ.

ಗಿಂಡಿಯಲ್ಲಿ ನವೆಂಬರ್ ತಿಂಗಳ ಒಂದು ಸಂಜೆ. ಆಫೀಸಿಂದ ಮೆಟ್ರೋ ಸ್ಟೇಷನ್‌ಗೆ ಹತ್ತು ನಿಮಿಷದ ನಡಿಗೆ. ಹಿಂಗಾರು ಮಳೆ ಹೊಡೀತಾ ಇತ್ತು. ಮೈಮೇಲೆ ಎರಡು ವರ್ಷದ ಹಿಂದೆ ಆರು ಸಾವಿರ ಕೊಟ್ಟು ತಗೊಂಡ ಜಾಕೆಟ್. ಸ್ಟೇಷನ್ ಒಳಗೆ ಹೋಗಿ ಜಿಪ್ ಬಿಚ್ಚಿದರೆ ಶರ್ಟು ತೊಪ್ಪೆ. 'ಸೋರತ್ತೆ, ಇನ್ನು ಇದರ ಕಥೆ ಮುಗೀತು' ಅಂತ ತೀರ್ಮಾನಿಸಿ, ಅವತ್ತೇ ಪಿಜಿಯ ಕಸದ ಡಬ್ಬಿ ಪಕ್ಕ ಇಟ್ಟುಬಂದೆ. ಇನ್ನೊಂದು ಕೊಂಡೆ. ಮೊದಲನೆಯದನ್ನ ಒಗೆಯದೇ ಹಾಳು ಮಾಡಿದೆ ಅಂದುಕೊಂಡು ಇದನ್ನ ತಿಂಗಳಿಗೊಮ್ಮೆ ಒಗೆದೆ. ಮಾಮೂಲಿ ಸೋಪಿನ ಪುಡಿ, ಜೊತೆಗೆ ಒಳ್ಳೆ ವಾಸನೆ ಬರಲಿ ಅಂತ ಕಂಫರ್ಟ್. ಅದು ಒಂದೇ ವರ್ಷಕ್ಕೆ ಹಾಗೇ ಆಯ್ತು.

ಆಮೇಲೆ ಓದಿ ತಿಳಿದದ್ದು ಇಷ್ಟು: ಎರಡೂ ಜಾಕೆಟ್ ಬಹುಶಃ ಸೋರ್ತಾನೇ ಇರಲಿಲ್ಲ. ಒಂದು ಕೊಳೆಯಿಂದ, ಇನ್ನೊಂದು ಸೋಪಿನಿಂದ ಕೆಟ್ಟಿತ್ತು. ಇದು ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ, ನೀರನ್ನ ಬಟ್ಟೆಯ ಯಾವ ಪದರದಲ್ಲಿ ತಡೆಯೋದು ಅನ್ನೋ ಇನ್ನೂರು ವರ್ಷದ ಜಗಳವನ್ನ ನೋಡಬೇಕು. ನಮ್ಮ ಊರಿಂದಲೇ ಶುರು ಮಾಡೋಣ.

ಕಂಬಳಿ ಕೊಪ್ಪೆ

ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಚೆನ್ನೈಯಲ್ಲಿ ಸುಮಾರು 1,400. ಅಂಥ ಮಳೆಯಲ್ಲಿ ನಟ್ಟಿ ಮಾಡೋ ಹೆಂಗಸರ ಬೆನ್ನ ಮೇಲೆ ಗೊರಬು ಇರ್ತಿತ್ತು, ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿ ಕಟ್ಟಿದ್ದು. ಬಗ್ಗಿ ಕೆಲಸ ಮಾಡುವವರಿಗೆ ಅದಕ್ಕಿಂತ ಒಳ್ಳೆ ವಿನ್ಯಾಸ ಇಲ್ಲ: ನೀರು ಬೆನ್ನ ಮೇಲಿಂದ ಜಾರಿಹೋಗತ್ತೆ, ಕೆಳಗಿಂದ ಗಾಳಿ ಆಡತ್ತೆ. ಗಂಡಸರು ಕಂಬಳಿಯನ್ನ ಮಡಿಚಿ ತಲೆ ಮೇಲೆ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಗ್ತಿದ್ರು.

ಕಂಬಳಿ ನೀರು ತಡೆಯೋದು ಹೇಗೆ? ಕುರಿಯ ಉಣ್ಣೆಯಲ್ಲಿ ಲ್ಯಾನೋಲಿನ್ ಅನ್ನೋ ಜಿಡ್ಡು ಇರತ್ತೆ. ಹನಿ ಅದರ ಮೇಲೆ ಅಂಟಿಕೊಳ್ಳಲ್ಲ. ಕುರುಬರು ಕೈಮಗ್ಗದಲ್ಲಿ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕ್ತಾರೆ, ಹಾಗಾಗಿ ಹೊಸ ಕಂಬಳಿ ಬಿಗಿಯಾಗಿ, ಒರಟಾಗಿ ಇರತ್ತೆ. ಇನ್ನೊಂದು ಗುಣ ಉಣ್ಣೆಯದ್ದೇ: ತನ್ನ ತೂಕದ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗದಷ್ಟು ತೇವವನ್ನ ಎಳೆಯ ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಮೈಯ ಬೆವರು ಒಳಗಿಂದ ಅದರೊಳಗೆ ಹೋಗತ್ತೆ, ಮಳೆ ಹೊರಗಡೆ ನಿಲ್ಲತ್ತೆ.

ಚಿಕ್ಕವನಿದ್ದಾಗ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಸಹಾಯ ಮಾಡೋ ಹುಮ್ಮಸ್ಸಲ್ಲಿ ಅಜ್ಜನ ಕಂಬಳಿಗೆ ಬಟ್ಟೆ ಸೋಪು ಹಚ್ಚಿ ತಿಕ್ಕಿದ್ದೆ. ಅಜ್ಜಿ ಓಡಿ ಬಂದು, 'ಅಯ್ಯೋ, ಕಂಬಳಿಗೆ ಸೋಪು ಹಾಕ್ತಾರೇನೋ ಮಾರಾಯ' ಅಂದರು. ಆ ಮಳೆಗಾಲ ಅಜ್ಜನ ಕಂಬಳಿ ನೀರು ಕುಡಿದು ಭಾರವಾಗಿ ನೇತಾಡ್ತಿತ್ತು. ಅಜ್ಜ ಬೈಯಲಿಲ್ಲ, ಸಂಜೆ ಬಂದು ಬಚ್ಚಲ ಒಲೆ ಹತ್ತಿರ ಅದನ್ನ ಹರವಿ ಒಣಗಿಸೋದನ್ನ ಮಾತ್ರ ನೋಡಿದ ನೆನಪು. ಸೋಪು ಜಿಡ್ಡನ್ನ ತೆಗೆಯತ್ತೆ, ಜಿಡ್ಡೇ ಕಂಬಳಿಯ ಛತ್ರಿ. ಇಷ್ಟು ಗೊತ್ತಾಗೋಕೆ ನನಗೆ ಇಪ್ಪತ್ತೈದು ವರ್ಷ ಮತ್ತು ಎರಡು ಜಾಕೆಟ್ ಬೇಕಾಯ್ತು.

ಗ್ಲಾಸ್ಗೋದ ಡಾಂಬರು

ಈಗ ಸ್ಕಾಟ್ಲೆಂಡಿಗೆ ಹೋಗೋಣ. ಅಮೆಜಾನ್ ಕಾಡಿನ ಜನ ರಬ್ಬರ್ ಹಾಲನ್ನ ಬಟ್ಟೆಗೆ ಹಚ್ಚೋದು ಯೂರೋಪಿಗೆ ಗೊತ್ತಿತ್ತು. ಆದರೆ ಹಡಗಿನಲ್ಲಿ ಬರೋ ಹೊತ್ತಿಗೆ ಹಾಲು ಗಟ್ಟಿಯಾಗ್ತಿತ್ತು, ಅದನ್ನ ಮತ್ತೆ ಕರಗಿಸೋದು ಕಷ್ಟ. ಗ್ಲಾಸ್ಗೋದಲ್ಲಿ ಚಾರ್ಲ್ಸ್ ಮ್ಯಾಕಿಂಟಾಶ್ ಅನ್ನೋ ರಸಾಯನ ಉದ್ಯಮಿ ಇದ್ದ. ಬಣ್ಣ ತಯಾರಿಕೆಗೆ ಅಮೋನಿಯಾ ಬೇಕು ಅಂತ ಗ್ಯಾಸ್ ಕಾರ್ಖಾನೆಯ ಡಾಂಬರು ಕೊಳ್ಳುತ್ತಿದ್ದ. ಅದರ ಜೊತೆ ಉಳಿಯುತ್ತಿದ್ದ ನಾಫ್ತಾದಲ್ಲಿ ರಬ್ಬರ್ ಕರಗತ್ತೆ. ಎರಡು ಬಟ್ಟೆಗಳ ಮಧ್ಯೆ ಆ ದ್ರಾವಣ ಹಚ್ಚಿ ಒತ್ತಿದ, ಸ್ಯಾಂಡ್‌ವಿಚ್ ತರ. 1823ರಲ್ಲಿ ಪೇಟೆಂಟ್. ಇಂಗ್ಲಿಷಿನಲ್ಲಿ ಇವತ್ತಿಗೂ ರೇನ್‌ಕೋಟಿಗೆ ಮ್ಯಾಕಿಂಟಾಶ್ ಅನ್ನೋ ಹೆಸರಿದೆ.

ಐಡಿಯಾ ಚೆನ್ನಾಗಿತ್ತು, ಮೊದಲ ರಿಲೀಸ್‌ನಲ್ಲಿ ಬಗ್‌ಗಳು ಬೇಕಾದಷ್ಟು. ಸೆಕೆಗೆ ರಬ್ಬರ್ ಮೆತ್ತಗಾಗಿ ಅಂಟುತ್ತಿತ್ತು, ಚಳಿಗೆ ಹಲಗೆಯಂತೆ ಸೆಟೆಯುತ್ತಿತ್ತು. ವಾಸನೆ ಬೇರೆ. ದರ್ಜಿ ಸೂಜಿ ಹಾಕಿದಲ್ಲೆಲ್ಲ ತೂತು, ಆ ತೂತಲ್ಲಿ ನೀರು. ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ: ಉಣ್ಣೆ ಬಟ್ಟೆ ಬಳಸಿದರೆ, ಅದರಲ್ಲಿರೋ ಜಿಡ್ಡು ರಬ್ಬರನ್ನ ಹಾಳು ಮಾಡ್ತಿತ್ತು. ಅಜ್ಜನ ಕಂಬಳಿಯನ್ನ ಕಾಯ್ತಿದ್ದ ಅದೇ ಜಿಡ್ಡು ಇಲ್ಲಿ ವೈರಿ. ಅಂದರೆ ಮಳೆ ಬಟ್ಟೆಯ ಆರೈಕೆಗೆ ಎಲ್ಲ ಕಾಲಕ್ಕೂ ಒಂದೇ ನಿಯಮ ಅಂತ ಇಲ್ಲ. ನೀರನ್ನ ತಡೀತಿರೋದು ಯಾವ ಪದರ ಅಂತ ಮೊದಲು ಕೇಳಬೇಕು.

ಕರಗುವ, ಸೆಟೆಯುವ ಬಗ್‌ಗೆ ಪರಿಹಾರ ವಲ್ಕನೈಸೇಷನ್. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿದ ರಬ್ಬರನ್ನ ಕಾಯಿಸಿದರೆ ಅದು ಗಟ್ಟಿಮುಟ್ಟಾಗತ್ತೆ ಅಂತ ಕಂಡುಕೊಂಡ. ಮ್ಯಾಕಿಂಟಾಶ್ ಜೊತೆಗಾರ ಥಾಮಸ್ ಹ್ಯಾನ್‌ಕಾಕ್ ಇಂಗ್ಲೆಂಡಿನಲ್ಲಿ 1843ರಲ್ಲಿ ಪೇಟೆಂಟ್‌ಗೆ ಹಾಕಿದ, ಗುಡ್‌ಇಯರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಮ್ಯಾಕಿಂಟಾಶ್ ಅದೇ 1843ರಲ್ಲಿ ತೀರಿಕೊಂಡ.

ಆದರೂ ಒಂದು ಬಗ್ ಉಳಿಯಿತು. ರಬ್ಬರ್ ಎರಡೂ ಕಡೆ ಬಾಗಿಲು ಹಾಕತ್ತೆ. ಮಳೆ ಒಳಗೆ ಬರಲ್ಲ, ಬೆವರು ಹೊರಗೆ ಹೋಗಲ್ಲ.

ಬಾತುಕೋಳಿಯ ಬೆನ್ನು

ನಮ್ಮ ದೇಶದ ರಬ್ಬರ್ ರೇನ್‌ಕೋಟಿನ ಕಥೆ ಕಲ್ಕತ್ತೆಯದು. ಸುರೇಂದ್ರ ಮೋಹನ್ ಬೋಸ್ ಅಮೆರಿಕದಲ್ಲಿ ಓದಿ ಬಂದ ಸ್ವದೇಶಿ ಮನಸ್ಸಿನವರು, ಬ್ರಿಟಿಷರ ಜೈಲನ್ನೂ ಕಂಡವರು. 1920ರಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಶುರು ಮಾಡಿದರು. ಬ್ರಾಂಡ್ ಹೆಸರು ಡಕ್‌ಬ್ಯಾಕ್. ನಮ್ಮ ಅಪ್ಪಂದಿರ ಕಾಲದವರಿಗೆ ರೇನ್‌ಕೋಟು ಅಂದರೆ ಅದೇ ಹೆಸರು ನೆನಪಾಗತ್ತೆ.

ಅಂಥ ಕೋಟುಗಳಿಗೆ ಆ ಕಾಲದವರಿಗೆ ಗೊತ್ತಿದ್ದ ಶಿಸ್ತು ಇತ್ತು: ಒದ್ದೆ ಬಟ್ಟೆಯಿಂದ ಒರೆಸು, ನೆರಳಲ್ಲಿ ನೇತುಹಾಕು, ಪೌಡರ್ ಉದುರಿಸಿ ಮಡಿಚಿಡು, ಬಿಸಿಲಿಗೆ ಹಾಕಬೇಡ. ಕಾರಣ ರಬ್ಬರಿಗೆ ಬಿಸಿಲೂ ಎಣ್ಣೆಯೂ ಆಗಲ್ಲ. ಇವತ್ತು ಗಿಂಡಿಯ ಬೈಕಿನ ಮೇಲೆ ಕಾಣೋ ಪಿವಿಸಿ ಕೋಟಿಗೂ ಇದೇ ನಿಯಮ ಸಾಕು. ಹೆಸರಿಗೆ ಸ್ಫೂರ್ತಿಯಾದ ಬಾತುಕೋಳಿ ಕೂಡ ಸುಮ್ಮನೆ ಕೂತಿರಲ್ಲ, ಬಿಡುವಾದಾಗೆಲ್ಲ ಕೊಕ್ಕಿನಿಂದ ಗರಿ ತಿದ್ದಿ ತಿದ್ದಿ ಇಟ್ಟುಕೊಳ್ಳತ್ತೆ.

ಒಂದು ಎಳೆತ

ಬೆವರಿನ ಬಗ್‌ಗೆ ಉತ್ತರ ಬಂದದ್ದು ಟೆಫ್ಲಾನ್‌ನಿಂದ. ಡ್ಯೂಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡ ಪ್ಲಾಸ್ಟಿಕ್ ಅದು, ನಮ್ಮ ದೋಸೆ ಕಾವಲಿಗೆ ಹಚ್ಚಿರೋದು. 1969ರಲ್ಲಿ ಬಾಬ್ ಗೋರ್ ಅನ್ನೋ ರಸಾಯನ ಎಂಜಿನಿಯರ್ ಅದರ ಬಿಸಿ ಸರಳನ್ನ ನಿಧಾನವಾಗಿ ಎಳೆದು ಎಳೆದು ಸೋತ, ತುಂಡಾಗ್ತಾ ಇತ್ತು. ಬೇಸತ್ತು ಜಗ್ಗಿದ. ಅದು ಸುಮಾರು ಎಂಟು ಪಟ್ಟು ಹಿಗ್ಗಿತು, ತುಂಬಾ ಸೂಕ್ಷ್ಮ ರಂಧ್ರಗಳು ಹುಟ್ಟಿದವು. ನೀರಿನ ಹನಿಗೆ ಆ ರಂಧ್ರ ಬಹಳ ಚಿಕ್ಕದು, ಆವಿಗೆ ಬಹಳ ದೊಡ್ಡದು. ಅದೇ ಗೋರ್‌ಟೆಕ್ಸ್. 1976ರ ಹೊತ್ತಿಗೆ ಅದರ ಟೆಂಟು, ಜಾಕೆಟ್ ಮಾರುಕಟ್ಟೆಗೆ ಬಂದವು.

ಕೆಲವೇ ದಿನಗಳಲ್ಲಿ ದೂರುಗಳು ಬಂದವು: ಸೋರತ್ತೆ. ಕಾರಣ ನಮ್ಮ ಮೈಯ ಎಣ್ಣೆ, ಬೆವರಿನ ಉಪ್ಪು. ಅವು ಪೊರೆಯ ರಂಧ್ರಕ್ಕೆ ಸೇರಿ, ನೀರು ಅದನ್ನ ಹಿಡಿದುಕೊಂಡು ಒಳಗೆ ಬರ್ತಿತ್ತು. 1970ರ ದಶಕದ ಕೊನೆಯಲ್ಲಿ ಪೊರೆಯ ಒಳಮುಖಕ್ಕೆ ಎಣ್ಣೆ ತಡೆಯೋ ತೆಳು ಪಾಲಿಯುರಿಥೇನ್ ಪದರ ಸೇರಿಸಿ ಅದನ್ನ ಸರಿಮಾಡಿದರು. ಅಂದರೆ ಈ ತಂತ್ರಜ್ಞಾನದ ಮೊದಲ ಶತ್ರು ಮಳೆ ಅಲ್ಲ, ಹಾಕಿಕೊಂಡವರ ಕೊಳೆ.

ಇನ್ನೊಂದು ಪದರ ಹೊರಗಡೆ ಇರತ್ತೆ. ಮೇಲಿನ ನೈಲಾನ್ ಬಟ್ಟೆಗೆ ನೀರು ಹನಿಯಾಗಿ ಜಾರುವಂತೆ ಒಂದು ಲೇಪ ಕೊಟ್ಟಿರ್ತಾರೆ, ಅದಕ್ಕೆ ಡಿಡಬ್ಲ್ಯುಆರ್ ಅಂತ ಹೆಸರು. ಕಂಬಳಿಯ ಲ್ಯಾನೋಲಿನ್ ಮಾಡ್ತಿದ್ದ ಕೆಲಸವನ್ನೇ ಅದೂ ಮಾಡತ್ತೆ. ಅದರ ಮೇಲೆ ಧೂಳು, ಎಣ್ಣೆ, ಸೋಪಿನ ಉಳಿಕೆ ಕೂತರೆ ಹನಿ ಜಾರಲ್ಲ, ಬಟ್ಟೆ ನೀರು ಕುಡಿಯತ್ತೆ. ಒಳಗಿನ ಪೊರೆ ಆಗಲೂ ನೀರು ತಡೀತಾನೇ ಇರತ್ತೆ! ಆದರೆ ಹೊರಗೆ ನೀರಿನ ಪದರ ನಿಂತಿರೋದರಿಂದ ಬೆವರಿನ ಆವಿಗೆ ಹೋಗೋ ದಾರಿ ಇಲ್ಲ. ಅದು ಒಳಗೇ ನೀರಾಗತ್ತೆ. ನಾವು ಜಾಕೆಟ್ ಬಿಚ್ಚಿ, 'ಸೋರ್ತಿದೆ' ಅಂತೀವಿ.

ಗಿಂಡಿಯ ಲೆಕ್ಕ

ವಿಡಿಯೋದಲ್ಲಿ ಓಡಿಸಿದ ಲೆಕ್ಕ ಇದು. ಆವಿ ತಾನಾಗಿ ಹೊರಗೆ ಹೋಗಲ್ಲ, ಒಳಗೆ ಆವಿಯ ಒತ್ತಡ ಜಾಸ್ತಿ ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗತ್ತೆ. ಮೈ ಹತ್ತಿರದ ಗಾಳಿ 35 ಡಿಗ್ರಿ, ಪೂರ್ತಿ ತೇವ ಅಂತ ಇಟ್ಟುಕೊಳ್ಳಿ: ಸುಮಾರು 56 ಹೆಕ್ಟೋಪ್ಯಾಸ್ಕಲ್. ಗ್ಲಾಸ್ಗೋದಲ್ಲಿ 8 ಡಿಗ್ರಿಯ ಮಳೆದಿನ, 90 ಶೇಕಡಾ ತೇವ ಇದ್ದರೂ ಹೊರಗಿನದು ಸುಮಾರು 10. ವ್ಯತ್ಯಾಸ 46. ಗಿಂಡಿಯಲ್ಲಿ 25 ಡಿಗ್ರಿಯ ಮಳೆದಿನ, 95 ಶೇಕಡಾ ತೇವ: ಹೊರಗೆ ಸುಮಾರು 30. ವ್ಯತ್ಯಾಸ 26 ಮಾತ್ರ.

ಅದೇ ಜಾಕೆಟ್, ಆದರೆ ಬೆವರನ್ನ ತಳ್ಳೋ ಶಕ್ತಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಮೇಲಾಗಿ ಇಲ್ಲಿ ನಾವು ಬೆವರೋದೂ ಜಾಸ್ತಿ. ಚಳಿ ದೇಶದಲ್ಲಿ ಸ್ವಲ್ಪ ಕೊಳೆ ಇದ್ದರೂ ನಡಿಯತ್ತೆ. ಚೆನ್ನೈಯಲ್ಲಿ ಜಾಕೆಟ್‌ಗೆ ಅಂಥ ಸಲುಗೆ ಇಲ್ಲ, ಹೊರಬಟ್ಟೆ ನೀರು ಕುಡಿದರೆ ಉಳಿದ ಸ್ವಲ್ಪ ದಾರಿಯೂ ಬಂದ್. ಕಂಕುಳ ಕೆಳಗೆ ಜಿಪ್ ಇರೋ ಜಾಕೆಟ್ ಇಲ್ಲಿ ದುಬಾರಿ ಪೊರೆಗಿಂತ ಹೆಚ್ಚು ಉಪಯೋಗಕ್ಕೆ ಬರತ್ತೆ. ಗೊರಬಿನ ಕೆಳಗೆ ಗಾಳಿ ಆಡ್ತಿತ್ತಲ್ಲ, ಅದೇ ತತ್ವ.

ಹಾಗಾದ್ರೆ ಒಗೆಯೋದು ಹೇಗೆ?

ಮೊದಲು ಒಳಗಿನ ಲೇಬಲ್ ಓದಿ, ಅದೇ ಅಂತಿಮ. ಉಳಿದದ್ದು ಹೀಗೆ.

ಜೇಬು ಖಾಲಿ ಮಾಡಿ, ಜಿಪ್, ವೆಲ್‌ಕ್ರೋ ಎಲ್ಲ ಮುಚ್ಚಿ. ಕಾಲರ್ ಮತ್ತು ಮುಂಗೈ ಹತ್ತಿರ ಕೊಳೆ ಜಾಸ್ತಿ, ಮೆತ್ತಗಿನ ಬ್ರಷ್‌ನಿಂದ ಉಜ್ಜಿ. ಇಂಥ ಬಟ್ಟೆಗಂತಲೇ ಬರುವ ದ್ರವ ಸೋಪು ಸಿಕ್ಕಿದರೆ ಒಳ್ಳೇದು. ಇಲ್ಲದಿದ್ದರೆ ವಾಸನೆ, ಬ್ಲೀಚ್ ಇಲ್ಲದ ಸೌಮ್ಯ ದ್ರವ ಸೋಪು ಸ್ವಲ್ಪವೇ. ಪುಡಿ ಬೇಡ. ಕಂಫರ್ಟ್ ತರದ್ದಂತೂ ಬೇಡವೇ ಬೇಡ, ಅದು ಬಟ್ಟೆ ಮೇಲೆ ಒಂದು ಪದರ ಬಿಟ್ಟುಹೋಗತ್ತೆ.

ಪಿಜಿಯ ಮಷೀನಿಗಿಂತ ಬಕೆಟ್ ವಾಸಿ. ಮಷೀನಿನ ಟ್ರೇಯಲ್ಲಿ ಹಿಂದಿನವರ ಸಾಫ್ಟ್‌ನರ್ ಉಳಿದಿರತ್ತೆ. ಇನ್ನೂ ಮುಖ್ಯ, ನೀರು ಹೋಗದ ಬಟ್ಟೆ ವೇಗದ ಸ್ಪಿನ್‌ನಲ್ಲಿ ನೀರನ್ನ ಚೀಲದ ಹಾಗೆ ಹಿಡಿದುಕೊಂಡು ಡ್ರಮ್ಮಿನ ತೂಕ ತಪ್ಪಿಸತ್ತೆ, ಮಷೀನು ಕುಣಿದು ಮುರಿಯಬಹುದು. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಒಗೆದು, ನೊರೆ ಪೂರ್ತಿ ಹೋಗೋವರೆಗೆ ಎರಡು ಮೂರು ಸಲ ಜಾಲಿಸಿ. ಹಿಂಡಬೇಡಿ. ನೆರಳಲ್ಲಿ ನೇತುಹಾಕಿ.

ಒಣಗಿದ ಮೇಲೆ, ಲೇಬಲ್ ಒಪ್ಪಿದರೆ ಮಾತ್ರ, ಡ್ರೈಯರ್‌ನಲ್ಲಿ ಕಡಿಮೆ ಶಾಖದಲ್ಲಿ ಇಪ್ಪತ್ತು ನಿಮಿಷ. ಇಲ್ಲವೇ ಮೇಲೊಂದು ಹತ್ತಿ ಬಟ್ಟೆ ಹಾಸಿ, ಹಬೆ ಇಲ್ಲದೆ ಕಡಿಮೆ ಬಿಸಿಯ ಇಸ್ತ್ರಿ. ಸವೆದು ಮಲಗಿದ ಲೇಪ ಶಾಖಕ್ಕೆ ಮತ್ತೆ ಎದ್ದು ನಿಲ್ಲತ್ತೆ. ಕೈಯಿಂದ ನೀರು ಚಿಮುಕಿಸಿ ನೋಡಿ. ಮುತ್ತಿನಂತೆ ಉರುಳಿದರೆ ಕೆಲಸ ಮುಗೀತು. ಹರಡಿದರೆ ಆಗ ಮಾತ್ರ ಹೊಸ ಲೇಪದ ಸ್ಪ್ರೇ. ಅದನ್ನ ಟೆರೇಸಿನ ಮೇಲೆ ಹೊಡೀರಿ, ಮುಚ್ಚಿದ ರೂಮಲ್ಲಿ ಉಸಿರಾಡಿದರೆ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಇನ್ನೊಂದು ಎಚ್ಚರಿಕೆ. ಒದ್ದೆ ಜಾಕೆಟ್ಟನ್ನ ಲ್ಯಾಪ್‌ಟಾಪ್ ಬ್ಯಾಗಲ್ಲಿ ಮುದುರಿ ಇಟ್ಟು ಮರೀಬೇಡಿ. ಪಾಲಿಯುರಿಥೇನ್ ಲೇಪ ಸೆಕೆ ಮತ್ತು ತೇವ ಸೇರಿದರೆ ಒಡೆಯತ್ತೆ, ಒಳಗಡೆ ಅಂಟು ಅಂಟಾಗಿ ಸಿಪ್ಪೆ ಏಳತ್ತೆ. ಅದಕ್ಕೆ ಒಗೆತ ಮದ್ದಲ್ಲ. ಚೆನ್ನೈಯ ಎಷ್ಟೋ ಜಾಕೆಟ್ ಕಪಾಟಿನಲ್ಲೇ ಸಾಯೋದು ಹೀಗೆ.

ಯಾಕೆ ಇಷ್ಟೆಲ್ಲ?

ಹೊರಗಿನ ಆ ಲೇಪದಲ್ಲಿ ಇಷ್ಟು ವರ್ಷ ಬಳಸಿದ್ದು ಪಿಎಫ್‌ಎಎಸ್ ಅನ್ನೋ ಫ್ಲೋರಿನ್ ರಾಸಾಯನಿಕಗಳು. ಅವು ಮಣ್ಣು, ನೀರಿನಲ್ಲಿ ಕರಗಿ ಮಾಯವಾಗಲ್ಲ. ಆ ಗುಂಪಿನ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಹೆಚ್ಚಿನ ಬಟ್ಟೆಗಳಲ್ಲಿ ಈ ಗುಂಪಿಗೇ ನಿಷೇಧ. ಹಾಗಾಗಿ ಹೊಸ ಜಾಕೆಟ್‌ಗಳು ಫ್ಲೋರಿನ್ ಇಲ್ಲದ ಲೇಪಕ್ಕೆ ಬರ್ತಿವೆ. ಅವು ನೀರನ್ನ ಚೆನ್ನಾಗಿ ತಡೀತವೆ, ಎಣ್ಣೆಯನ್ನ ಅಷ್ಟು ತಡೆಯಲ್ಲ. ಮೈಯ ಜಿಡ್ಡು ಬೇಗ ಕೂರತ್ತೆ. ಅಂದರೆ ಇನ್ನು ಮುಂದೆ ಒಗೆಯೋದು ಹೆಚ್ಚಾಗಬೇಕು, ಕಡಿಮೆಯಲ್ಲ.

ನಾನು ಕಸದ ಪಕ್ಕ ಇಟ್ಟುಬಂದ ಆ ಮೊದಲ ಜಾಕೆಟ್ ಅರ್ಧ ಗಂಟೆಯ ಒಗೆತಕ್ಕೆ ಸರಿಹೋಗ್ತಿತ್ತೋ ಏನೋ. ಎರಡನೆಯದನ್ನ ಇಟ್ಟುಕೊಂಡಿದ್ದೆ. ಮೂರು ಸಲ ಬರೀ ನೀರಲ್ಲಿ ಜಾಲಿಸಿ ಹಳೇ ಸೋಪು ತೆಗೆದು, ಹತ್ತಿ ಪಂಚೆ ಹಾಸಿ ಇಸ್ತ್ರಿ ಮಾಡಿದೆ. ಮೊನ್ನೆ ಮಳೆಯಲ್ಲಿ ತೋಳಿನ ಮೇಲೆ ಹನಿ ಉರುಳಿತು. ಬೆನ್ನಲ್ಲಿ ಇನ್ನೂ ಸ್ವಲ್ಪ ಹರಡತ್ತೆ, ಅಲ್ಲಿ ಸ್ಪ್ರೇ ಹೊಡೀಬೇಕು. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. 'ಅಜ್ಜನ ಕಂಬಳಿ ಇನ್ನೂ ಅಟ್ಟದ ಮೇಲಿದೆ, ಬಂದಾಗ ನೋಡು. ಒಗಿಯಕ್ಕೆ ಮಾತ್ರ ಹೋಗ್ಬೇಡ' ಅಂದರು.

ನಿಮ್ಮ ಮನೆಯಲ್ಲಿ ಕಂಬಳಿ, ಗೊರಬು, ಹಳೇ ರೇನ್‌ಕೋಟು ಕಾಪಾಡೋಕೆ ಹಿರಿಯರು ಏನು ಮಾಡ್ತಿದ್ರು ಅಂತ ಗೊತ್ತಿದ್ದರೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.