ಹಾಡು ಬರೆದಿಟ್ಟೆವು, ಅಡುಗೆ ಬಿಟ್ಟೆವು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಬ್ಬ ಜಾತ್ರೆಗಳ ಬಗ್ಗೆ ಇದುವರೆಗೆ ಬಂದ ಬರಹಗಳನ್ನು ಒಂದೆಡೆ ಪೇರಿಸಿ ನೋಡಿದರೆ ವೀರರ ಕಥೆ ಸಿಗುತ್ತದೆ, ದೇವರುಗಳ ವಂಶಾವಳಿ ಸಿಗುತ್ತದೆ, ಎಣಿಸಲಾರದಷ್ಟು ಹಾಡು ಸಿಗುತ್ತವೆ. ಹಬ್ಬದ ದಿನ ಒಲೆಯ ಮೇಲೆ ಏನಿತ್ತು, ಅದನ್ನು ಯಾರು ಬೇಯಿಸಿದರು, ಮೊದಲ ಎಡೆ ಯಾರಿಗೆ ಹೋಯಿತು, ಕೊನೆಯ ಪಂಕ್ತಿಯಲ್ಲಿ ಯಾರು ಕೂತರು ಎಂಬುದನ್ನು ಮಾತ್ರ ಹುಡುಕಿ ತೆಗೆಯಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ನೆಲಗಳಲ್ಲಿ ಇದೂ ಒಂದು. ಬೆಳೆ ಬಂದರೆ ಹಬ್ಬ, ಹೋದರೆ ಗುಳೆ ಎಂಬ ಊರುಗಳಲ್ಲಿ ಜಾತ್ರೆಯನ್ನು ಊಟದಿಂದ ಬೇರೆ ಮಾಡಿ ನೋಡುವುದು ಹೇಗೆ? ಆದರೂ ಇನ್ನೂರು ವರ್ಷಗಳಿಂದ ಹೆಚ್ಚು ಕಡಿಮೆ ಹಾಗೆಯೇ ನೋಡುತ್ತ ಬಂದಿದ್ದೇವೆ.

ಮೊದಲು ಬಂದವರಿಗೆ ಹಬ್ಬವೇ ಬೇಕಿರಲಿಲ್ಲ. ಟಿಪ್ಪು ಬಿದ್ದ ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್‌ನನ್ನು ಹೊಸ ಸೀಮೆಗಳ ಲೆಕ್ಕ ನೋಡಿ ಬರಲು ಕಳಿಸಿತು. 1800–01ರಲ್ಲಿ ಸುತ್ತಿದ ಆತ 1807ರಲ್ಲಿ ಮೂರು ಸಂಪುಟ ಪ್ರಕಟಿಸಿದ. ಹಿರಿಯೂರು, ಚಿತ್ರದುರ್ಗದ ಕಡೆಯಿಂದ ಹಾದುಹೋದ ಅವನ ಕಣ್ಣು ಹೆಚ್ಚಾಗಿ ಇದ್ದದ್ದು ಬೆಳೆ, ಮಣ್ಣು, ಕುರಿ, ಕಂಬಳಿ, ಕಂದಾಯದ ಮೇಲೆ. ತಮಾಷೆಯೆಂದರೆ, ಜನ ಏನು ಬೆಳೆಯುತ್ತಿದ್ದರು ಎಂಬ ಕಾರಣಕ್ಕೆ ಏನು ಉಣ್ಣುತ್ತಿದ್ದರು ಎಂಬ ಸುಳಿವು ಅವನ ಒಣ ಲೆಕ್ಕದಲ್ಲೇ ನಂತರದವರ ಬರಹಗಳಿಗಿಂತ ಹೆಚ್ಚು ಸಿಗುತ್ತದೆ.

ಆಮೇಲೆ ಬಂದವರು ಕಲ್ಲಿಗೆ ಸೋತರು. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬ್ರಹ್ಮಗಿರಿಯ ತಪ್ಪಲನ್ನು ಅಗೆಸಿ ಶಿಲಾಯುಗದ ಕೊಡಲಿಯಿಂದ ಬೃಹತ್ ಶಿಲಾ ಸಮಾಧಿಗಳವರೆಗೆ ಪದರು ಪದರಾಗಿ ಬಿಡಿಸಿಟ್ಟರು. ಸತ್ತವರ ಜೊತೆ ಹೂತಿದ್ದ ಮಡಕೆಗಳ ಕಂಠ ಎಷ್ಟು, ಬಣ್ಣ ಯಾವುದು ಎಂಬುದೆಲ್ಲ ಅಚ್ಚುಕಟ್ಟಾಗಿ ದಾಖಲಾಯಿತು. ಪಕ್ಕದ ಹಟ್ಟಿಯಲ್ಲಿ ಆ ಹೊತ್ತಿಗೆ ಕುದಿಯುತ್ತಿದ್ದ ಮಡಕೆಯೊಳಗೆ ಇಣುಕಲು ಯಾರಿಗೂ ಪುರುಸೊತ್ತಿರಲಿಲ್ಲ.

ಜಾತಿಗಳನ್ನು ವಿವರಿಸುವ ಸಂಪುಟಗಳ ಕಾಲ ಇದರ ನಡುವೆಯೇ ಬಂತು. ಎಡ್ಗರ್ ಥರ್ಸ್ಟನ್‌ನ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಮೈಸೂರಿನಲ್ಲಿ ಎಚ್.ವಿ. ನಂಜುಂಡಯ್ಯನವರು ಒಂದೊಂದು ಜಾತಿಯ ಮೇಲೆ ಒಂದೊಂದು ಕಿರುಹೊತ್ತಿಗೆ ಬರೆಸುತ್ತ ಹೋದರು. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಸಾಮಗ್ರಿಯನ್ನು 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಾಗಿ ತಂದರು. ಬೇಡರಲ್ಲಿ ಊರುಬೇಡರು, ಮ್ಯಾಸಬೇಡರು ಎಂಬ ಎರಡು ಕವಲು, ಮ್ಯಾಸರು ಕೋಳಿ, ಹಂದಿ ಮುಟ್ಟುವುದಿಲ್ಲ, ಹೆಂಡ ಅವರಿಗೆ ವರ್ಜ್ಯ ಎಂಬ ಸಂಗತಿಗಳು ಅಚ್ಚಿಗೆ ಬಂದದ್ದು ಇಂಥ ಸಂಪುಟಗಳಿಂದಲೇ. ಇವುಗಳಲ್ಲಿ ಆಹಾರ ಇದೆ, ಆದರೆ ಬರೀ ನಿಷೇಧವಾಗಿ ಇದೆ. ಯಾರು ಯಾವ ಮಾಂಸ ತಿನ್ನುವುದಿಲ್ಲ, ಯಾರ ಕೈಯ ನೀರು ಯಾರಿಗೆ ಆಗದು ಎಂದು ಕೇಳಿ ಬರೆದುಕೊಂಡರೆ ಜಾತಿಯ ಏಣಿಯಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಇತ್ಯರ್ಥವಾಗುತ್ತಿತ್ತು. ಬೇಯಿಸಿದ್ದರ ರುಚಿ, ಹದ, ಪಾಲು ಇವು ಅವರ ಪ್ರಶ್ನಾವಳಿಯಲ್ಲೇ ಇರಲಿಲ್ಲ.

ನಿಷೇಧದ ಪಟ್ಟಿ ಎಷ್ಟು ಕಡಿಮೆ ಹೇಳುತ್ತದೆ ಎಂದು ತಿಳಿಯಲು ಗೌರಸಮುದ್ರದ ಮಾರಮ್ಮನ ಪರಿಷೆಗೆ ಹೋಗಬೇಕು. ಶ್ರಾವಣ ಕಳೆದ ಮೇಲಿನ ಮಂಗಳವಾರ, ಚಳ್ಳಕೆರೆ ತಾಲ್ಲೂಕಿನ ಈ ಊರಿನಿಂದ ಅಮ್ಮ ತುಂಬಲು ಎಂಬ ಬಯಲಿಗೆ ಹೊರಡುತ್ತಾಳೆ. ಆಂಧ್ರದ ಗಡಿ ಊರುಗಳಿಂದಲೂ ಜನ ಬರುತ್ತಾರೆ, ಕನ್ನಡ ತೆಲುಗು ಎರಡರಲ್ಲೂ ಹರಕೆ ಕೇಳಿಸುತ್ತದೆ. ಬೇವಿನುಡುಗೆ ತೊಟ್ಟವರು ಒಂದು ಕಡೆ. ಅಮ್ಮ ಹಾದುಹೋಗುವಾಗ ಈರುಳ್ಳಿ ತೂರುವವರು, ಕೋಳಿ ತೂರುವವರು ಇನ್ನೊಂದು ಕಡೆ. ಈರುಳ್ಳಿ ಈ ಸೀಮೆಯ ರೈತನನ್ನು ಒಂದು ವರ್ಷ ಎತ್ತಿ ಇನ್ನೊಂದು ವರ್ಷ ಮುಳುಗಿಸುವ ಬೆಳೆ, ಅದನ್ನೇ ದೇವಿಗೆ ಎಸೆದು ಕೈಮುಗಿಯುತ್ತಾರೆ. ಕೋಳಿಯ ಹೆಸರೆತ್ತದ ಮನೆಯವರೂ ಕೋಳಿ ತೂರುವವರೂ ಒಂದೇ ಬಯಲಲ್ಲಿ ಬೀಡುಬಿಟ್ಟಿರುತ್ತಾರೆ. ಒಬ್ಬರ ಒಲೆಗೂ ಇನ್ನೊಬ್ಬರ ಒಲೆಗೂ ನಡುವೆ ಎಷ್ಟು ಮಾರು ಅಂತರ, ಬೆಂಕಿ ಎರವಲು ನಡೆಯುತ್ತದೆಯೇ, ಮಕ್ಕಳು ಎಲ್ಲಿ ತಿಂದು ಬರುತ್ತವೆ ಎಂಬ ಪ್ರಶ್ನೆಗಳಿಗೆ ಥರ್ಸ್ಟನ್‌ನ ಪುಟಗಳಲ್ಲಿ ಜಾಗವಿಲ್ಲ.

ಸ್ವಾತಂತ್ರ್ಯದ ನಂತರದ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ (1967) ಬಗ್ಗೆ ಹೆಚ್ಚು ಹೇಳಬೇಕಿಲ್ಲ; ಅದೊಂದು ಕೈಪಿಡಿ. ನಿಜವಾದ ತಿರುವು ಬಂದದ್ದು ಕನ್ನಡ ಜಾನಪದ ವಿದ್ವಾಂಸರಿಂದ. ಈ ಸೀಮೆಯ ಪಶುಪಾಲಕ ಸಮುದಾಯವೊಂದರ ಮೇಲೆ ತೀ.ನಂ. ಶಂಕರನಾರಾಯಣ ಅವರ ‘ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು’ 1982ರಲ್ಲಿ ಬಂತು. ಹಟ್ಟಿಯೊಳಗೆ ಕೂತು, ಅಲ್ಲಿಯವರ ಮಾತಿನಲ್ಲೇ ಕೇಳಿ ಬರೆಯುವ ಕ್ರಮ ಗಟ್ಟಿಯಾದದ್ದು ಈ ತಲೆಮಾರಿನಲ್ಲಿ. ಚಳ್ಳಕೆರೆಯಲ್ಲಿ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಹನೂರರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ನಾಡಿಗೆ ಕೇಳಿಸಿದರು. ಓದು ಬರಹ ಅರಿಯದ ಈ ಕಾಡುಗೊಲ್ಲ ಅಜ್ಜಿಯ ನೆನಪಿನಲ್ಲಿ ಸಾವಿರಾರು ಹಾಡು ಇದ್ದವು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಜುಂಜಪ್ಪ, ಎತ್ತಪ್ಪ, ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಈ ವೀರರೆಲ್ಲ ಬಾಯಿಂದ ಪುಟಕ್ಕೆ ಬಂದದ್ದು ಈ ಹುರುಪಿನಲ್ಲಿ.

ಈ ಕೆಲಸ ಇಲ್ಲದಿದ್ದರೆ ಇವತ್ತು ನಮಗೆ ಏನೂ ಉಳಿಯುತ್ತಿರಲಿಲ್ಲ. ಆದರೂ ಒಂದು ತಕರಾರು ಇದೆ. ಟೇಪ್ ರೆಕಾರ್ಡರ್ ಹಿಡಿಯುವುದು ದನಿಯನ್ನು. ವಾಸನೆಯನ್ನು, ಉಪ್ಪಿನ ಹದವನ್ನು, ಬೀಸುವವಳ ಕೈಯಲ್ಲಿ ಹಿಟ್ಟು ಎಷ್ಟು ತರಿಯಾಗಿತ್ತು ಎಂಬುದನ್ನು ಅದು ಹಿಡಿಯದು. ಸಂಗ್ರಾಹಕರಲ್ಲಿ ಬಹುಪಾಲು ಗಂಡಸರು. ಜಗಲಿಯಲ್ಲಿ ಕೂತವರಿಗೆ ಊಟ ಒಳಗಿನಿಂದ ಬಂತು, ಉಂಡರು, ಮತ್ತೆ ಹಾಡಿಗೆ ಕಿವಿಗೊಟ್ಟರು. ಬೀಸುವ ಪದ ಪುಸ್ತಕದಲ್ಲಿದೆ. ಬೀಸಿದ್ದು ನವಣೆಯೋ ಸಾಮೆಯೋ ಸಜ್ಜೆಯೋ ಎಂಬುದು ಹಲವೆಡೆ ಇಲ್ಲ.

ಜಪಾನಿನಲ್ಲಿ ಇದೇ ವಿದ್ಯೆ ಬೇರೆ ದಾರಿ ಹಿಡಿಯಿತು. ಥರ್ಸ್ಟನ್‌ನ ಸಂಪುಟಗಳು ಬಂದ ಮರುವರ್ಷ, 1910ರಲ್ಲಿ, ಯಾನಾಗಿತಾ ಕುನಿಯೋ ಈಶಾನ್ಯದ ತೋನೋ ಎಂಬ ಗುಡ್ಡಗಾಡು ಸೀಮೆಯ ಕಥೆಗಳನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಮ್ಮದಕ್ಕೂ ಅವರದಕ್ಕೂ ವ್ಯತ್ಯಾಸವಿಲ್ಲ: ದೆವ್ವ, ದೇವರು, ಕಥೆ. ಆದರೆ ಅದೇ ಯಾನಾಗಿತಾ 1940ರಲ್ಲಿ ಹಳ್ಳಿಯ ಆಹಾರದ ಆಚರಣೆಗಳ ಮೇಲೆಯೇ ಒಂದು ಪುಸ್ತಕ ತಂದರು. ಹಬ್ಬದ ದಿನ ಅಂಟಕ್ಕಿಯನ್ನು ಕುಟ್ಟಿ ಮಾಡುವ ಮೋಚಿಯ ಉಂಡೆ ಯಾಕೆ ಆ ಆಕಾರದಲ್ಲಿದೆ ಎಂದು ತಲೆಕೆಡಿಸಿಕೊಂಡರು. 1984ರಿಂದ ಸುಮಾರು ಹತ್ತು ವರ್ಷ ಅಲ್ಲಿನ ಒಂದು ಕೃಷಿ ಪ್ರಕಾಶನ ಸಂಸ್ಥೆ ಬಹುಮಟ್ಟಿಗೆ ಪ್ರಾಂತಕ್ಕೊಂದರಂತೆ ಐವತ್ತು ಸಂಪುಟಗಳ ಆಹಾರ ದಾಖಲೆಯನ್ನು ಹೊರತಂದಿತು. ಮುದುಕಿಯರನ್ನು ಕೂರಿಸಿಕೊಂಡು, ನೀವು ಸೊಸೆಯಾಗಿ ಬಂದ ಕಾಲದಲ್ಲಿ ಯಾವ ತಿಂಗಳು ಏನು ಉಣ್ಣುತ್ತಿದ್ದಿರಿ, ಯಾವ ಹಬ್ಬಕ್ಕೆ ಏನು ಮಾಡುತ್ತಿದ್ದಿರಿ ಎಂದು ಕೇಳಿ ಬರೆದ ಸಂಪುಟಗಳವು. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಜಪಾನಿನ ಊಟ ಸೇರಿದಾಗ, ಹೊಸ ವರ್ಷದ ಹಬ್ಬದಡುಗೆಯನ್ನೇ ಮುಂದಿಟ್ಟುಕೊಂಡು ಮಾತಾಡಲು ಅವರಿಗೆ ಸರಕು ತಯಾರಿತ್ತು. ನಮ್ಮ ಜಿಲ್ಲೆಗೆ ಅಂಥ ಒಂದು ಸಂಪುಟ ಬೇಕು ಎಂದು ಸಿರಿಯಜ್ಜಿ ಬದುಕಿದ್ದಾಗ ಯಾರಿಗೂ ಹೊಳೆಯಲಿಲ್ಲ.

ಹೊಳೆದಿದ್ದರೆ ಮೊದಲ ಅಧ್ಯಾಯ ಮೀಸಲಿನದು ಆಗುತ್ತಿತ್ತು. ಹೊಸ ಫಸಲಿನ ಮೊದಲ ಪಾಲು, ಕರೆದ ಹಾಲಿನ ಮೊದಲ ಪಾಲು ದೇವರಿಗೆ ಎಂದು ಎತ್ತಿಡುವ ಕ್ರಮ ಮ್ಯಾಸರಲ್ಲೂ ಇದೆ, ಕಾಡುಗೊಲ್ಲರಲ್ಲೂ ಇದೆ. ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯನ್ನು ನೋಡಿ. ಚಳಿಗಾಲದಲ್ಲಿ ನಡೆಯುವ ಈ ಕಾಡುಗೊಲ್ಲರ ಜಾತ್ರೆಗೆ ಬಾರೆ ಮುಳ್ಳಿನಿಂದ ಎತ್ತರದ ಗುಡಿ ಕಟ್ಟುತ್ತಾರೆ. ಬರಿಗಾಲಲ್ಲಿ ಅದರ ಮೇಲೆ ಹತ್ತಿ ಕಳಸ ಕೀಳುತ್ತಾರೆ. ಪ್ರತಿ ವರ್ಷ ಪತ್ರಿಕೆಯಲ್ಲಿ ಬರುವ ಫೋಟೊ ಮುಳ್ಳು ಹತ್ತುವವರದೇ. ಅದೇ ಜಾತ್ರೆಯಲ್ಲಿ ನವಣೆ, ಹುರುಳಿ ದೇವರ ಪಾಲಾಗಿ ಬೇಯುತ್ತವೆ ಎಂಬುದು ಸುದ್ದಿಯ ಕೊನೆಯ ಸಾಲಿನಲ್ಲಿ ಬಂದರೆ ಪುಣ್ಯ. ನನಗೆ ಮುಳ್ಳಿಗಿಂತ ಆ ನವಣೆಯೇ ದೊಡ್ಡ ಸೋಜಿಗ. ಯಾಕೆಂದರೆ ಅದು ಮನೆಯ ದಿನದೂಟದಿಂದ ಎಂದೋ ಜಾರಿಹೋಗಿದೆ. ಕಳೆದ ಶತಮಾನದಲ್ಲಿ ಶೇಂಗಾ ಈ ಕೆಂಪು ನೆಲವನ್ನೆಲ್ಲ ಆವರಿಸಿತು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಯಿತು, ಸಾಮೆ ನವಣೆಗಳ ಹೊಲ ಕುಗ್ಗಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಟ್ಟಿಯ ಪಾತ್ರೆಗೂ ಪಡಿತರದ ಅಕ್ಕಿ ತುಂಬಿತು. ಹಸಿವಿಗೆ ಅದು ಒಳ್ಳೆಯದನ್ನೇ ಮಾಡಿತು, ಅದರ ಬಗ್ಗೆ ಗೊಣಗುವವರು ಹಸಿದು ನೋಡಿದವರಲ್ಲ. ದೇವರು ಮಾತ್ರ ಪಡಿತರಕ್ಕೆ ಒಪ್ಪಲಿಲ್ಲ. ಅತ್ತ ಬೆಂಗಳೂರಿನ ಸಿರಿಧಾನ್ಯ ಮೇಳದಲ್ಲಿ ನವಣೆ ಪೊಟ್ಟಣದಲ್ಲಿ ಕೂತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿ ಹೋಯಿತು.

ಮೀಸಲು ಹಾಲಿನ ಕಥೆ ಇದಕ್ಕಿಂತ ಕಹಿ. ಮ್ಯಾಸಬೇಡರ ದೇವರ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ; ಸತ್ತರೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವ ಕಿಲಾರಿಗಳು ಹುಲ್ಲಿನ ಕಾವಲುಗಳಲ್ಲಿ ಮೇಯಿಸುತ್ತಿದ್ದರು; ಹಾಲು ಕೊಡುವ ದನಕ್ಕೂ ಅದೇ ಹುಲ್ಲು. ಅರಸರ ಕಾಲದಿಂದ ಉಳಿದುಬಂದ ಅಮೃತ್ ಮಹಲ್ ಕಾವಲುಗಳಲ್ಲಿ ಖುದಾಪುರ, ಉಳ್ಳಾರ್ತಿ ಕಡೆಯ ಸುಮಾರು ಹತ್ತು ಸಾವಿರ ಎಕರೆಯನ್ನು 2008ರ ನಂತರ ವಿಜ್ಞಾನ, ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಡಲಾಯಿತು. ಗೋಡೆ ಎದ್ದಿತು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಈಗ ಬರ ಬಂದರೆ ದೇವರ ಎತ್ತುಗಳ ಮೇವಿಗೆ ದಾನಿಗಳನ್ನು ಕಾಯಬೇಕು. ಕಾವಲಿನ ಬಗ್ಗೆ ಪರಿಸರದವರು ಬರೆದರು, ಕಾನೂನಿನವರು ಬರೆದರು. ಹಬ್ಬದ ಬಗ್ಗೆ ಜಾನಪದದವರು ಬರೆದರು. ಹುಲ್ಲು ಹೋದರೆ ಹಾಲು ಹೋಗುತ್ತದೆ, ಹಾಲು ಹೋದರೆ ಹಬ್ಬದ ಮೀಸಲು ಹೋಗುತ್ತದೆ ಎಂಬ ಸರಳ ಸರಪಳಿಯನ್ನು ಒಂದೇ ಪುಸ್ತಕದಲ್ಲಿ ಓದುವ ಭಾಗ್ಯ ಇನ್ನೂ ಬಂದಿಲ್ಲ.

ಹಬ್ಬದೂಟ ಎಂದರೆ ಬಾಯಲ್ಲಿ ನೀರೂರಿಸುವ ಬರಹಗಳು ಈಚೆಗೆ ಹೆಚ್ಚಿವೆ. ಮೊಬೈಲು ಹಿಡಿದು ಬರುವವರು ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರಿನ ದಿನ, ಫಾಲ್ಗುಣದ ಬಿಸಿಲಲ್ಲಿ, ಕೊಬ್ಬರಿ ಸುಡುವ ಹೊಗೆಯನ್ನೂ ಮಂಡಕ್ಕಿ ಮೆಣಸಿನಕಾಯಿಯನ್ನೂ ಬೆಂಡು ಬತ್ತಾಸನ್ನೂ ಚೆನ್ನಾಗಿಯೇ ತೋರಿಸುತ್ತಾರೆ. ಆದರೆ ಯಾವ ಮಡಿ ಮೀಸಲನ್ನು ಕಾಯುತ್ತದೋ ಅದೇ ಮಡಿ ಗೊಲ್ಲರಹಟ್ಟಿಯ ಹೆಣ್ಣನ್ನು ಮುಟ್ಟಿನ ದಿನಗಳಲ್ಲಿ, ಬಾಣಂತನದಲ್ಲಿ ಹಟ್ಟಿಯ ಹೊರಗೆ ಇಟ್ಟದ್ದು. ಮಾರಿಯ ಹಬ್ಬ ದೇವಿಯನ್ನು ಹಾಡುವ ಆಸಾದಿ ಇಲ್ಲದೆ, ದಲಿತರ ಉರುಮೆ ತಮಟೆ ಇಲ್ಲದೆ ಏಳುವುದಿಲ್ಲ. ಊಟದ ಹೊತ್ತಿಗೆ ಅವರ ಜಾಗ ಬೇರೆ. ಪ್ರಾಣಿಬಲಿ ತಡೆ ಕಾಯ್ದೆ 1959ರಿಂದಲೂ ಇದೆ, ಹಾಗಾಗಿ ಮರಿ ಕಡಿಯುವುದು ಕ್ಯಾಮೆರಾ ಮುಂದೆ ನಡೆಯುವುದಿಲ್ಲ. ಇಷ್ಟನ್ನು ಬಿಟ್ಟು ಬರೆದ ಹಬ್ಬದೂಟ ಉಪ್ಪಿಲ್ಲದ ಊಟ.

ಇನ್ನೊಂದು ಬಗೆಯ ಬರಹವೂ ಬೆಳೆಯುತ್ತಿದೆ, ಸಮುದಾಯಗಳ ಒಳಗಿನಿಂದಲೇ ಓದಿ ಬಂದವರದು. ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಮಾನ್ಯತೆಗೆ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಅದಕ್ಕೆ ಇವತ್ತಿಗೂ ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಸಂಕೋಚ, ಹಿಂದುಳಿದಿರುವಿಕೆ. ಈ ಅಳತೆಗೆ ತಕ್ಕಂತೆ ಬರೆಯಬೇಕಾದಾಗ ಮುಳ್ಳಿನ ಗುಡಿ ಮುಂದೆ ಬರುತ್ತದೆ, ಮಿಕ್ಸಿಯಲ್ಲಿ ರುಬ್ಬಿದ ಖಾರ ಹಿಂದೆ ಸರಿಯುತ್ತದೆ. ಹಕ್ಕು ಕೇಳುವವರನ್ನು ಇದಕ್ಕೆ ದೂರಲಾಗದು, ಅಳತೆಗೋಲೇ ಹಳತು. ಆದರೆ ಜಾತ್ರೆ ಬದಲಾಗುತ್ತ ಬದುಕಿದೆ ಎಂಬ ದಾಖಲೆ ಹೀಗೆ ಮತ್ತೊಮ್ಮೆ ತಪ್ಪಿಹೋಗುತ್ತಿದೆ.

ತುಂಬಲಿನ ಬಯಲಿಗೆ ನೋಡಲೆಂದು ಹೋದವರನ್ನು ಉಣ್ಣದೆ ಕಳಿಸುವುದು ಕಷ್ಟ. ಗಾಡಿ, ಟ್ರ್ಯಾಕ್ಟರ್, ಟೆಂಪೊಗಳ ಮರೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿರುತ್ತಾರೆ. ಮುದ್ದೆ ತಿರುವುವವರು ಯಾರೋ, ಮಸಾಲೆ ಅರೆದು ತಂದವರು ಯಾರೋ. ಗುರುತಿಲ್ಲದವರನ್ನೂ ಅಣ್ಣ, ಅಕ್ಕ ಎಂದು ಕರೆದು ಕೂರಿಸುತ್ತಾರೆ. ಅಲ್ಲಿ ಕೂತವರು ದೇವಿಯ ಕಥೆ ಕೇಳುವ ಮೊದಲು ಮರಿಯ ತಲೆ ಯಾರ ಪಾಲಿಗೆ ಹೋಗುತ್ತದೆ, ತೊಡೆ ಯಾರಿಗೆ, ಈ ಮಸಾಲೆಗೆ ಅಜ್ಜಿಯ ಕಾಲದಲ್ಲಿ ಏನು ಹಾಕುತ್ತಿದ್ದರು ಎಂದು ಕೇಳಿದರೆ, ಪಕ್ಕದ ಒಲೆಯವರೂ ಎದ್ದು ಬಂದು ಅದು ಹಾಗಲ್ಲ ಎಂದು ತಿದ್ದಲು ಶುರು ಮಾಡುತ್ತಾರೆ.