ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಸಹಬೋಧನೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಸಹಬೋಧನೆ ಎಂಬುದು ಒಂದೇ ತರಗತಿಯ ಮಕ್ಕಳಿಗೆ ಒಂದೇ ಅವಧಿಯಲ್ಲಿ ಇಬ್ಬರು ಶಿಕ್ಷಕರು ಕೂಡಿ ಪಾಠ ಹೇಳುವ ಪದ್ಧತಿ. ಸಾಮಾನ್ಯವಾಗಿ ಇವರಲ್ಲಿ ಒಬ್ಬರು ತರಗತಿಯ ಶಿಕ್ಷಕರಾಗಿದ್ದು, ಮತ್ತೊಬ್ಬರು ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದವರಾಗಿರುತ್ತಾರೆ. ಪಾಠದ ಯೋಜನೆ, ಬೋಧನೆ ಹಾಗೂ ಮೌಲ್ಯಮಾಪನದ ಹೊಣೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಅಮೆರಿಕದ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಕಲಿಕೆಯ ತೊಡಕುಳ್ಳ ಮಕ್ಕಳನ್ನು ಇತರ ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿ ಕಲಿಸುವ ಮಾರ್ಗಗಳಲ್ಲಿ ಇದೂ ಒಂದು.

ಹಿನ್ನೆಲೆ

ಎಲಿಜಬೆತ್ ಆನ್ ಸೀಟನ್ ಅವರು 1810ರಲ್ಲಿ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗಿನಲ್ಲಿ ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯು ಪ್ರತಿಯೊಂದು ಧರ್ಮಕೇಂದ್ರವೂ ಎರಡು ವರ್ಷಗಳೊಳಗೆ ತನ್ನದೇ ಶಾಲೆಯನ್ನು ಸ್ಥಾಪಿಸಬೇಕೆಂದು ವಿಧಿಸಿತು. 1960ರ ದಶಕದಲ್ಲಿ ಕ್ಯಾಥೊಲಿಕ್ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಸಂಖ್ಯೆ ಸುಮಾರು 13,000ಕ್ಕೂ, ವಿದ್ಯಾರ್ಥಿಗಳ ಸಂಖ್ಯೆ 52 ಲಕ್ಷಕ್ಕೂ ಏರಿತ್ತು. 2020ರ ದಶಕದ ವೇಳೆಗೆ ಶಾಲೆಗಳು 6,000ಕ್ಕಿಂತ ಕಡಿಮೆಯಾಗಿ, ವಿದ್ಯಾರ್ಥಿಗಳು ಸುಮಾರು 17 ಲಕ್ಷಕ್ಕೆ ಇಳಿದರು.

ಒಂದು ಕಾಲದಲ್ಲಿ ಈ ಶಾಲೆಗಳ ಬೋಧಕರಲ್ಲಿ ಬಹುಪಾಲು ಜನ ಅತ್ಯಲ್ಪ ಸಂಭಾವನೆಗೆ ದುಡಿಯುತ್ತಿದ್ದ ಕನ್ಯಾಸ್ತ್ರೀಯರಾಗಿದ್ದರು. ದೊಡ್ಡ ತರಗತಿಯೊಂದನ್ನು ಒಬ್ಬರೇ ನಿರ್ವಹಿಸುವುದು ವಾಡಿಕೆಯಾಗಿತ್ತು. ಇಂದು ಶೇ. 95ಕ್ಕೂ ಹೆಚ್ಚು ಬೋಧಕರು ಸಂಬಳ ಪಡೆಯುವ ಶ್ರೀಸಾಮಾನ್ಯರು. ಆದ್ದರಿಂದ ಒಂದು ತರಗತಿಗೆ ಎರಡನೆಯ ಶಿಕ್ಷಕರನ್ನು ನೇಮಿಸುವುದು ಶಾಲೆಯ ಆಯವ್ಯಯದ ಮುಖ್ಯ ಪ್ರಶ್ನೆಯಾಗಿದೆ.

ವಿಧಗಳು

ಲಿನ್ ಕುಕ್ ಮತ್ತು ಮರಿಲಿನ್ ಫ್ರೆಂಡ್ ಎಂಬ ಶಿಕ್ಷಣತಜ್ಞರ ಬರಹಗಳಿಂದ ಪ್ರಚಾರಕ್ಕೆ ಬಂದ ವರ್ಗೀಕರಣದ ಪ್ರಕಾರ ಸಹಬೋಧನೆಯಲ್ಲಿ ಆರು ವಿಧಗಳಿವೆ:

1. ಒಬ್ಬರು ಬೋಧಿಸುವುದು, ಮತ್ತೊಬ್ಬರು ಮಕ್ಕಳ ಕಲಿಕೆಯನ್ನು ಗಮನಿಸಿ ದಾಖಲಿಸುವುದು.
2. ಒಬ್ಬರು ಬೋಧಿಸುವುದು, ಮತ್ತೊಬ್ಬರು ಮಕ್ಕಳ ನಡುವೆ ಓಡಾಡುತ್ತ ನೆರವಾಗುವುದು.
3. ಪಾಠವನ್ನು ಭಾಗಗಳಾಗಿ ವಿಂಗಡಿಸಿ, ಮಕ್ಕಳ ಗುಂಪುಗಳು ಸರದಿಯಂತೆ ಒಂದು ಭಾಗದಿಂದ ಮತ್ತೊಂದಕ್ಕೆ ಸಾಗುವುದು.
4. ತರಗತಿಯನ್ನು ಎರಡಾಗಿಸಿ, ಇಬ್ಬರೂ ಅದೇ ಪಾಠವನ್ನು ಏಕಕಾಲದಲ್ಲಿ ಹೇಳುವುದು.
5. ಒಬ್ಬರು ಹೆಚ್ಚಿನ ಮಕ್ಕಳಿಗೆ ಬೋಧಿಸುವಾಗ, ಮತ್ತೊಬ್ಬರು ಚಿಕ್ಕ ಗುಂಪಿಗೆ ಪ್ರತ್ಯೇಕವಾಗಿ ಕಲಿಸುವುದು.
6. ಇಬ್ಬರೂ ಜೊತೆಯಾಗಿ ನಿಂತು ಸಂಭಾಷಣೆಯಂತೆ ಪಾಠ ನಡೆಸುವುದು.

ಉದಾಹರಣೆಗೆ, ಭಿನ್ನರಾಶಿಯ ಪಾಠದಲ್ಲಿ ಮೂರನೆಯ ವಿಧವನ್ನು ಅನುಸರಿಸಿದರೆ ಒಂದು ಗುಂಪು ಕಾಗದ ಮಡಿಸಿ ಅರ್ಧ, ಕಾಲು ಎಂಬುದನ್ನು ಕಲಿಯುತ್ತದೆ. ಇನ್ನೊಂದು ಗುಂಪು ಲೆಕ್ಕ ಬಿಡಿಸುತ್ತದೆ. ಮತ್ತೊಂದು ಸ್ವತಂತ್ರವಾಗಿ ಅಭ್ಯಾಸ ಮಾಡುತ್ತದೆ. ಎಲ್ಲ ಮಕ್ಕಳೂ ಎಲ್ಲ ಕಡೆಗೂ ಸುತ್ತುವುದರಿಂದ ಹಿಂದುಳಿದ ಮಗುವನ್ನು ಬೇರ್ಪಡಿಸಿ ಕೂರಿಸುವ ಅಗತ್ಯ ಬೀಳುವುದಿಲ್ಲ.

ಕಾನೂನಿನ ಚೌಕಟ್ಟು

ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಒಕ್ಕೂಟದ ಕಾನೂನು ಸರ್ಕಾರಿ ಶಾಲೆಗಳಲ್ಲಿ ಉಚಿತ ಹಾಗೂ ಸೂಕ್ತ ಶಿಕ್ಷಣದ ಹಕ್ಕನ್ನು ನೀಡಿತು. ಆದರೆ ಪೋಷಕರು ತಾವಾಗಿಯೇ ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೆ, ಸರ್ಕಾರಿ ಶಾಲೆಯಲ್ಲಿ ದೊರೆಯಬಹುದಾದಷ್ಟು ಸೇವೆಯನ್ನು ಪಡೆಯುವ ವೈಯಕ್ತಿಕ ಹಕ್ಕು ಇಲ್ಲ. ಅಂಥ ಮಕ್ಕಳಿಗಾಗಿ ಒಕ್ಕೂಟದ ಅನುದಾನದಲ್ಲಿ ಪ್ರಮಾಣಾನುಗುಣವಾದ ಒಂದು ಪಾಲನ್ನು ಮಾತ್ರ ಸ್ಥಳೀಯ ಶಾಲಾ ಆಡಳಿತವು ವ್ಯಯಿಸಬೇಕು. ಹೀಗಾಗಿ ಮಗುವಿಗೆ ಧಾರ್ಮಿಕ ಶಿಕ್ಷಣ ಬೇಕೆನ್ನುವ ಪೋಷಕರು ಕಾನೂನು ನೀಡುವ ಪೂರ್ಣ ಸೌಲಭ್ಯವನ್ನು ಬಿಟ್ಟುಕೊಡಬೇಕಾದ ಸಂದರ್ಭ ಬರುತ್ತದೆ.

ಸರ್ಕಾರಿ ಶಿಕ್ಷಕರು ಧಾರ್ಮಿಕ ಶಾಲೆಯೊಳಗೆ ಬಂದು ಪಾಠ ಹೇಳಬಹುದೇ ಎಂಬುದೂ ವಿವಾದಕ್ಕೆ ಒಳಗಾಗಿತ್ತು. ಹಿಂದುಳಿದ ಮಕ್ಕಳಿಗೆ ಈ ರೀತಿ ನೀಡುತ್ತಿದ್ದ ಪರಿಹಾರ ಬೋಧನೆಯನ್ನು 1985ರ ಅಗಿಲಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅಸಾಂವಿಧಾನಿಕವೆಂದಿತು. ಆ ಬಳಿಕ ನ್ಯೂಯಾರ್ಕ್ ನಗರದಲ್ಲಿ ಶಾಲೆಯ ಹೊರಗೆ ನಿಲ್ಲಿಸಿದ ವಾಹನಗಳಲ್ಲಿಯೂ ಇಂಥ ಪಾಠಗಳು ನಡೆದವು. 1997ರ ಅಗೊಸ್ಟಿನಿ ಪ್ರಕರಣದಲ್ಲಿ ನ್ಯಾಯಾಲಯ ತನ್ನ ಹಿಂದಿನ ತೀರ್ಪನ್ನು ರದ್ದುಪಡಿಸಿತು. ಆದರೂ ಆ ಪ್ರಕರಣದ ಕಾರ್ಯಕ್ರಮದ ನಿಯಮಗಳ ಪ್ರಕಾರ ಸರ್ಕಾರಿ ಶಿಕ್ಷಕರು ಖಾಸಗಿ ಶಾಲೆಯ ಶಿಕ್ಷಕರೊಡನೆ ಕೂಡಿ ಬೋಧಿಸುವಂತಿರಲಿಲ್ಲ. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವುದಕ್ಕೂ ಸಹಬೋಧನೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಅನುಕೂಲಗಳು ಮತ್ತು ಸವಾಲುಗಳು

ಇಬ್ಬರು ಶಿಕ್ಷಕರಿದ್ದಾಗ ಪ್ರತಿಯೊಂದು ಮಗುವಿನತ್ತ ಗಮನ ಹರಿಸಲು ಹೆಚ್ಚು ಸಮಯ ದೊರೆಯುತ್ತದೆ. ಒಡಹುಟ್ಟಿದವರು ಬೇರೆ ಬೇರೆ ಶಾಲೆಗಳಿಗೆ ಹೋಗಬೇಕಾದ ಪರಿಸ್ಥಿತಿಯೂ ತಪ್ಪಬಹುದು. ಅಮೆರಿಕದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು 1978ರಲ್ಲಿ ಅಂಗವಿಕಲರನ್ನು ಕುರಿತು ಹೊರಡಿಸಿದ ಹೇಳಿಕೆಯು ಅವರನ್ನು ಧರ್ಮಸಭೆಯ ಬದುಕಿನಲ್ಲಿ ಪೂರ್ಣವಾಗಿ ಒಳಗೊಳ್ಳುವಂತೆ ಕರೆ ನೀಡಿತ್ತು.

ಇನ್ನೊಂದೆಡೆ, ಎರಡು ಸಂಬಳಗಳ ಹೊರೆ ಶುಲ್ಕದ ಮೇಲೂ ದೇಣಿಗೆಯ ಮೇಲೂ ಬೀಳುತ್ತದೆ. ಇಬ್ಬರಿಗೂ ಒಟ್ಟಿಗೆ ಯೋಜನೆ ರೂಪಿಸಲು ಬಿಡುವು ದೊರೆಯದಿದ್ದರೆ ವಿಶೇಷ ಶಿಕ್ಷಕರು ಕೇವಲ ಸಹಾಯಕರಾಗಿ ಉಳಿಯುತ್ತಾರೆ. ಹೊಣೆ ಸಮನಾಗಿ ಹಂಚಿಕೆಯಾಗದ ತರಗತಿಯಲ್ಲಿ ಇಬ್ಬರು ಶಿಕ್ಷಕರಿದ್ದರೂ ಅದು ನಿಜಾರ್ಥದ ಸಹಬೋಧನೆ ಎನಿಸುವುದಿಲ್ಲ.