ನಿಷಿದ್ಧ ತೀರದಲ್ಲಿ ಒಂದು ರಾತ್ರಿ

ವಿಹಾರಕ್ಕೆಂದೇ ಹಡಗು ಹತ್ತಿ, ಒಂದೊಂದು ಬಂದರಿನಲ್ಲಿಯೂ ಒಂದು ಹಗಲು ಇಳಿದು ಸುತ್ತಾಡಿ, ಕತ್ತಲಾಗುವಷ್ಟರಲ್ಲಿ ಮತ್ತೆ ಹಡಗಿಗೆ ಮರಳುವ ಪ್ರವಾಸಕ್ರಮ ಬಹಳ ಹಳೆಯದೇನಲ್ಲ. ವ್ಯಾಪಾರಿಗಳು ಕಡಲನ್ನು ದಾಟಿದ್ದಾರೆ, ಸೈನಿಕರು ದಾಟಿದ್ದಾರೆ, ಯಾತ್ರಿಕರು ದಾಟಿದ್ದಾರೆ. ಬರಿದೆ ನೋಡುವುದಕ್ಕಾಗಿ ದಾಟಿದವರು ವಿರಳ. ಅಂಥವರ ಒಂದು ದೊಡ್ಡ ತಂಡ 1867ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ಹೊರಟಿತು. ಹಡಗಿನ ಹೆಸರು 'ಕ್ವೇಕರ್ ಸಿಟಿ'. ಅಮೆರಿಕದ ಅಂತರ್ಯುದ್ಧದಲ್ಲಿ ನೌಕಾಪಡೆಯ ಕೆಲಸ ಮಾಡಿದ್ದ ಉಗಿಹಡಗು ಅದು. ತಲೆಗೆ 1,250 ಡಾಲರು. ಅರವತ್ತಕ್ಕೂ ಮಿಕ್ಕ ಪ್ರಯಾಣಿಕರು. ಅವರಲ್ಲಿ ಬಹುಮಂದಿ ವಯಸ್ಸಾದ ದೈವಭಕ್ತರು. ಅವರ ನಡುವೆ ಪತ್ರಿಕೆಯೊಂದರ ಖರ್ಚಿನಲ್ಲಿ ಬಂದ, 31 ವರ್ಷದ, ಅಷ್ಟೇನೂ ಭಕ್ತನಲ್ಲದ ಒಬ್ಬ ಬರೆಹಗಾರ. ಅವನೇ ಮಾರ್ಕ್ ಟ್ವೇನ್.

ಆಗಸ್ಟ್ ನಡುವಿನಲ್ಲಿ ಹಡಗು ಅಥೆನ್ಸಿನ ಬಂದರಾದ ಪಿರೇಯಸ್ಸನ್ನು ಮುಟ್ಟಿತು. ಲಂಗರು ಬಿದ್ದಿತೋ ಇಲ್ಲವೋ, ಬಂದರಿನ ಅಧಿಕಾರಿ ದೋಣಿಯಲ್ಲಿ ಬಂದು ಸುದ್ದಿ ತಿಳಿಸಿದ: ಹಡಗು ಇಟಲಿಯ ಕಡೆಯಿಂದ ಬಂದಿದೆ, ಅಲ್ಲಿ ಕಾಲರಾ ಇದೆ; ಹನ್ನೊಂದು ದಿನ ಹೊರಗೆ ಕ್ವಾರಂಟೈನಿನಲ್ಲಿ ನಿಲ್ಲಬೇಕು, ಇಲ್ಲವೇ ಹೊರಟುಹೋಗಬೇಕು. ಕಪ್ತಾನನು ಹೊರಡುವುದೇ ಸರಿಯೆಂದು ನಿಶ್ಚಯಿಸಿದ. ಹುಟ್ಟಿದಂದಿನಿಂದ ಪುಸ್ತಕದಲ್ಲಿ ಓದಿದ ಅಥೆನ್ಸು ಕಣ್ಣೆದುರಿಗಿದೆ, ಕಾಲಿಡುವಂತಿಲ್ಲ. ಪ್ರಯಾಣಿಕರು ದುರ್ಬೀನು ಹಿಡಿದು, ಯಾವ ಗುಡ್ಡ ಅರಿಯೋಪಗಸ್ ಎಂದು ತಮ್ಮತಮ್ಮಲ್ಲೇ ವಾದ ಹೂಡಿದರಂತೆ.

ರಾತ್ರಿ ಹನ್ನೊಂದರ ಹೊತ್ತಿಗೆ ಟ್ವೇನನೂ ಮೂವರು ಸಹಪ್ರಯಾಣಿಕರೂ ಸಣ್ಣ ದೋಣಿಯಲ್ಲಿ ಸದ್ದಿಲ್ಲದೆ ದಡ ಸೇರಿದರು. ಸಿಕ್ಕಿಬಿದ್ದರೆ ಸೆರೆಮನೆ. ಪಿರೇಯಸ್ಸಿಗೂ ಅಥೆನ್ಸಿಗೂ ನಡುವೆ ರೈಲು ಓಡತೊಡಗಿದ್ದು 1869ರಲ್ಲಿ. ಇವರಿಗೆ ಕಾಲೇ ಗತಿ. ಊರನ್ನು ಬಳಸಿಕೊಂಡು, ಉತ್ತ ಹೊಲಗಳಲ್ಲಿ ಎಡವುತ್ತ, ದಾರಿಯ ತೋಟಗಳಲ್ಲಿ ದ್ರಾಕ್ಷಿ ಕದಿಯುತ್ತ, ಕಾವಲುಗಾರರ ಕೂಗಿಗೆ ಬೆದರುತ್ತ ನಡೆದರು. ಕೋಟೆಯ ಬಾಗಿಲು ಮುಚ್ಚಿತ್ತು. ಗದ್ದಲ ಮಾಡಿ ಕಾವಲಿನವರನ್ನು ಎಬ್ಬಿಸಿ, ಕೈಬೆಚ್ಚಗೆ ಮಾಡಿ ಒಳಹೊಕ್ಕರು.

ಒಳಗೆ ಹುಣ್ಣಿಮೆಯ ಬೆಳಕು. 1687ರಲ್ಲಿ ವೆನಿಸಿನವರ ಗುಂಡು ತಗುಲಿ, ತುರ್ಕರು ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಸೂರು ಕಳೆದುಕೊಂಡ ಪಾರ್ಥೆನಾನ್. ಎಲ್ಗಿನ್ ಪ್ರಭು ಸಾಗಿಸಿದ ಮೇಲೆ ಉಳಿದ ಶಿಲ್ಪದ ತುಣುಕುಗಳು. ಕೆಳಗೆ ಮಲಗಿದ ಊರು. ಮಧ್ಯಯುಗದ ಗೋಪುರವೊಂದು ಆಗ ಮಹಾದ್ವಾರದ ಪಕ್ಕದಲ್ಲಿ ನಿಂತಿತ್ತು; ಎಂಟು ವರ್ಷ ಕಳೆಯುವುದರೊಳಗೆ ಅದನ್ನು ಕೆಡವಿಬಿಟ್ಟರು. ಎಲ್ಲವನ್ನೂ ಗೇಲಿ ಮಾಡುವ ಟ್ವೇನ್ ಇಲ್ಲಿ ಮಾತ್ರ ಗೇಲಿ ಮರೆತಿದ್ದಾನೆ. 1869ರಲ್ಲಿ ಪ್ರಕಟವಾದ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಪುಸ್ತಕದಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಪುಟಗಳು ಇವು.

ಆದರೂ ಈ ಪುಟಗಳನ್ನು ಎರಡನೆಯ ಸಲ ಓದಿದಾಗ ನಗು ಅರ್ಧಕ್ಕೆ ನಿಲ್ಲುತ್ತದೆ. ಆ ಕಟ್ಟಳೆ ಅಧಿಕಾರಿಯ ಮೊಂಡುತನವಾಗಿರಲಿಲ್ಲ. ಅದಕ್ಕೆ ಹದಿಮೂರು ವರ್ಷ ಹಿಂದೆ, 1854ರಲ್ಲಿ, ಕ್ರಿಮಿಯಾ ಯುದ್ಧದ ನೆವದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಸೇನೆಗಳು ಇದೇ ಪಿರೇಯಸ್ಸನ್ನು ಹಿಡಿದು ಕುಳಿತಿದ್ದವು. ಅವರ ಬೆನ್ನಿಗೇ ಕಾಲರಾ ಬಂದು, ಬಂದರಿನಿಂದ ಅಥೆನ್ಸಿಗೆ ಹಬ್ಬಿ, ಮನೆಮನೆಯನ್ನು ಬರಿದು ಮಾಡಿತ್ತು. ಹೊರಗಿನಿಂದ ಹಡಗಿನಲ್ಲಿ ಬಂದವರು ಏನನ್ನು ತರಬಲ್ಲರೆಂಬುದನ್ನು ಆ ಊರು ಓದಿ ಕಲಿತದ್ದಲ್ಲ. ಕಾಲರಾದ ಕ್ರಿಮಿಯನ್ನು ಕಾಖ್ ಗುರುತಿಸಿದ್ದು 1883–84ರಲ್ಲಿ, ಮೊದಲು ಈಜಿಪ್ಟಿನಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ನಮ್ಮ ಗಂಗೆಯ ದಡದಿಂದಲೇ ಈ ರೋಗ ಹೊರಡುತ್ತದೆಂದು 1866ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನ ಆಗಲೇ ತೀರ್ಮಾನಿಸಿತ್ತು. ತಡೆಯುವ ಬಗೆ ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ದಿನ ಎಣಿಸುತ್ತ ದೂರ ನಿಲ್ಲಿಸುವುದೊಂದೇ ಬಡ ಬಂದರಿನ ಕೈಯಲ್ಲಿದ್ದ ಔಷಧ. ಆ ನಾಲ್ವರು ಜಿಗಿದು ದಾಟಿದ್ದು ಆ ಬೇಲಿಯನ್ನು. ಅವರ ಮೈಯಲ್ಲಿ ರೋಗವಿರಲಿಲ್ಲ, ಸರಿ. ಅದು ಅವರಿಗೂ ಖಚಿತವಾಗಿ ಗೊತ್ತಿರಲಿಲ್ಲವಲ್ಲ! ಪುಸ್ತಕದಲ್ಲಿ ಅಧಿಕಾರಿಯೂ ದ್ರಾಕ್ಷಿತೋಟದ ಒಡೆಯನೂ ಹಾಸ್ಯದ ಪಾತ್ರಗಳು. ತೋಟದವನು ಕಥೆ ಹೇಳಿದ್ದರೆ ಅದು ಬೇರೆಯೇ ಆಗುತ್ತಿತ್ತು.

ಬೆಳಗಿನ ಜಾವಕ್ಕೆ ಅವರು ಹಡಗು ಸೇರಿದರು, ಯಾರೂ ಹಿಡಿಯಲಿಲ್ಲ. ಮುಂದೆ 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ 'ಆಗುಸ್ಟಾ ವಿಕ್ಟೋರಿಯಾ' ಹಡಗಿನಲ್ಲಿ 241 ಮಂದಿಯನ್ನು ಮೆಡಿಟರೇನಿಯನ್ ಸುತ್ತಿಸಿದ ಮೇಲೆ, ತೀರದ ಹಗಲೆಂಬುದು ವೇಳಾಪಟ್ಟಿಯ ಅಚ್ಚುಕಟ್ಟಾದ ವ್ಯವಹಾರವಾಯಿತು. ಈಗ ಒಂದೊಂದು ಹಡಗೂ ಸಾವಿರಾರು ಜನರನ್ನು ಒಮ್ಮೆಗೇ ಇಳಿಸುತ್ತದೆ. ಊರಿನವರು ಮತ್ತೆ ಬೇಲಿ ಹಾಕತೊಡಗಿದ್ದಾರೆ, ಈ ಸಲ ರೋಗಕ್ಕಲ್ಲ, ನೂಕುನುಗ್ಗಲಿಗೆ. 2023ರ ಸೆಪ್ಟೆಂಬರಿನಿಂದ ಅಕ್ರೊಪೊಲಿಸಿಗೆ ದಿನಕ್ಕೆ 20,000 ಮಂದಿಯ ಮಿತಿ, ಅದೂ ಗಂಟೆಗಿಷ್ಟೆಂಬ ಲೆಕ್ಕದಲ್ಲಿ; 2025ರಿಂದ ಹಡಗಿನಲ್ಲಿ ಬಂದಿಳಿಯುವ ಪ್ರವಾಸಿಗರ ಮೇಲೆ ಸುಂಕ.

ಆಗಸ್ಟ್ ಹುಣ್ಣಿಮೆಯಂದು ಮಾತ್ರ ಗ್ರೀಸಿನಲ್ಲಿ ಹಲವು ಪುರಾತನ ಸ್ಥಳಗಳ ಬಾಗಿಲನ್ನು ರಾತ್ರಿಯೂ ತೆರೆದಿಡುವ ಪದ್ಧತಿಯಿದೆ. ಕಾಸು ಕೊಡಬೇಕಾಗಿಲ್ಲ, ಕಾವಲಿನವರಿಗಂತೂ ಅಲ್ಲವೇ ಅಲ್ಲ.